ಎಡಭಾಗಕ್ಕೆ ಎಣ್ಣೆ

ಬಣ್ಣ ಮಾಸದ ವಸ್ತು ಈ ಲೋಕದಲ್ಲಿ ಯಾವುದೂ ಇಲ್ಲ. ಈ ಸತ್ಯವನ್ನು ಹಿಂದಿನವರು ಮನೆಮಠ ಬಿಟ್ಟು, ಕಾಡಿನಲ್ಲಿ ಕುಳಿತು, ಗಡ್ಡ ಬೆಳೆಸಿ ಕಂಡುಕೊಂಡರಂತೆ. ನಾನು ಕಡೂರಿನಲ್ಲಿ ಮನೆಯ ಮುಂದೆ ಕಾರನ್ನು ಒಂಬತ್ತು ವರ್ಷ ಬಿಸಿಲಿಗೆ ನಿಲ್ಲಿಸಿ ಕಂಡುಕೊಂಡೆ. ಗಡ್ಡವನ್ನು ದಿನಾ ಬೋಳಿಸುತ್ತಲೇ ಇದ್ದೆ.

ಕಾರಿಗೆ ಶೆಡ್ ಇರಲಿಲ್ಲವೆಂದಲ್ಲ. ಶೆಡ್ ಕಟ್ಟಿಸಿದ್ದೇ ಕಾರಿಗೆ. ಆದರೆ ಒಂದು ವರ್ಷ ಸಿಂಗಟಗೆರೆ ಕಡೆಯ ನಮ್ಮ ತೋಟದ ಕಾಯಿ ಅಟ್ಟದಲ್ಲಿ ಹಿಡಿಸದೆ, ಇದೊಂದು ಸಲಕ್ಕೆ ಎಂದು ಶೆಡ್ಡಿಗೆ ಸುರಿಸಿದೆ. ಕಾಯಿ ಕೊಬ್ಬರಿಯಾಗಬೇಕಾದರೆ ಅದಕ್ಕೆ ನೆರಳು ಬೇಕು, ಗಾಳಿ ಬೇಕು, ಹತ್ತಿರ ಹತ್ತಿರ ಒಂದು ವರ್ಷದ ನೆಮ್ಮದಿ ಬೇಕು. ಕಾರಿಗೆ ಇವೇನೂ ಬೇಡವೆಂದು ನಾನೇ ತೀರ್ಮಾನಿಸಿದೆ. ಹೀಗೆ ಕಾಯಿ ಒಳಗೆ, ಕಾರು ಹೊರಗೆ ಎಂಬ ವ್ಯವಸ್ಥೆ ನಮ್ಮ ಮನೆಯ ಸಂವಿಧಾನದಲ್ಲಿ ಸೇರಿಹೋಯಿತು. ಕೊಂಡ ದಿನ ಕಾರು ಕೆಂಪಗಿತ್ತು. ವರ್ಷ ಕಳೆದಂತೆ ಮೇಲ್ಛಾವಣಿ ಮೊದಲು ಗುಲಾಬಿಗೆ ತಿರುಗಿತು, ಆಮೇಲೆ ಬಾನೆಟ್ಟು, ಆಮೇಲೆ ಬಾಗಿಲುಗಳು. ಬೆರಳಿಟ್ಟು ಎಳೆದರೆ ಸೀಮೆಸುಣ್ಣದ ಹಾಗೆ ಪುಡಿ ಹತ್ತುತ್ತಿತ್ತು.

ಇದರ ಕಾರಣ ನನಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಪ್ರತಿ ವರ್ಷ ಮೂರು ಪ್ರನಾಳಗಳಲ್ಲಿ ಮೂರು ಕಬ್ಬಿಣದ ಮೊಳೆ ಹಾಕಿಟ್ಟು ಉತ್ಕರ್ಷಣ ಎಂದರೇನು ಎಂದು ಮಕ್ಕಳಿಗೆ ತೋರಿಸಿದವನು. ನಾಲ್ಕನೆಯ ಪ್ರಯೋಗ ಮನೆಯ ಮುಂದೆ ನಡೆಯುತ್ತಿತ್ತು. ಅದಕ್ಕೆ ಮಾತ್ರ ಮೇಷ್ಟ್ರು ಇರಲಿಲ್ಲ.

ನನ್ನ ಗೆಳೆಯನೊಬ್ಬ ತರೀಕೆರೆಯಲ್ಲಿ ದರ್ಜಿ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನ ಮನೆಯಲ್ಲಿ ಆಡುವುದು ದಖನಿ ಉರ್ದು, ನನ್ನ ಜೊತೆ ಆಡುವುದು ನಮ್ಮ ಸೀಮೆಯ ಕನ್ನಡ. ನಾಲ್ಕು ಜನರ ಮುಂದೆ ನನ್ನನ್ನು ‘ಬನ್ನಿ ಮೇಷ್ಟ್ರೇ’ ಎನ್ನುವನು. ಅಂಗಡಿಯಲ್ಲಿ ಇಬ್ಬರೇ ಇದ್ದರೆ ‘ಬಾರೋ’. ನನ್ನ ಮದುವೆಯ ಪ್ಯಾಂಟಿನಿಂದ ಹಿಡಿದು ನಿವೃತ್ತಿಯ ದಿನದ ಕೋಟಿನವರೆಗೆ ನನ್ನ ಸೊಂಟದ ಸಮಗ್ರ ಇತಿಹಾಸ ಅವನ ಅಳತೆ ಪುಸ್ತಕದಲ್ಲಿದೆ.

ಅವನ ಕಿರಿಯ ಮಗಳಿಗೆ ಅಜ್ಜಂಪುರದ ಹುಡುಗನ ಜೊತೆ ಮದುವೆ ಗೊತ್ತಾಯಿತು. ಗಂಡಿನ ಮದುವೆ ಬಟ್ಟೆಯನ್ನು ಹೆಣ್ಣಿನ ಕಡೆಯವರು ಕೊಡುವುದು ಅವರಲ್ಲಿ ಪದ್ಧತಿ. ಬೇರೆಯವರಾದರೆ ಶಿವಮೊಗ್ಗಕ್ಕೆ ಹೋಗಿ ಸಿದ್ಧ ಶೇರ್ವಾನಿ ಕೊಂಡು ತರುತ್ತಾರೆ. ಇವನು ತಾನೇ ಹೊಲಿಯುತ್ತೇನೆಂದು ಕುಳಿತ. ನಾನು ಹೋದ ದಿನ ಅಂಗಡಿಯ ಬಾಗಿಲ ಬೆಳಕಿಗೆ ಸ್ಟೂಲು ಹಾಕಿಕೊಂಡು, ಕೆನೆಬಣ್ಣದ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಕಾಲರಿಗೆ ಕೈಹೊಲಿಗೆ ಹಾಕುತ್ತಿದ್ದ. ಕಣ್ಣು ಮೊದಲಿನಂತಿಲ್ಲ, ಒಂದು ಹೊಲಿಗೆ ಹಾಕಿ ಎರಡು ಸಲ ನೋಡುತ್ತಿದ್ದ. ಚೆನ್ನಾಗಿದೆಯಲ್ಲ ಎಂದು ಮುಟ್ಟಲು ಹೋದೆ. ಕೈ ತೊಳೆದುಕೊಂಡು ಬಾ ಎಂದ.

ಮದುವೆ ತರೀಕೆರೆಯಲ್ಲಿ. ಊಟವಾದ ಮೇಲೆ ಗಂಡುಹೆಣ್ಣು ಅಜ್ಜಂಪುರಕ್ಕೆ ಹೊರಡಲು ಒಂದು ಕಾರು ಬೇಕು, ಬಾಡಿಗೆಗೆ ಹೇಳಬೇಕು ಎಂದ. ನಾನು ಆ ಹೊತ್ತಿಗೆ ಅವನ ಮನೆಯ ಚಹಾ ಕುಡಿದಿದ್ದೆ, ಧಾರಾಳವಾಗಿದ್ದೆ. ನನ್ನ ಕಾರು ಇರುವಾಗ ಬಾಡಿಗೆ ಕಾರು ಯಾಕೆ, ನಾನೇ ಓಡಿಸಿಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಅವನು ಕನ್ನಡಕ ಸರಿಮಾಡಿಕೊಂಡು, ಅಂಗಡಿಯ ಮುಂದೆ ನಿಂತಿದ್ದ ನನ್ನ ಕಾರನ್ನು ಬಹಳ ಹೊತ್ತು ನೋಡಿದ.

“ಯಾವ್ ಬಣ್ಣನೋ ಅದು?”

“ಕೆಂಪು.”

“ನಾನು ನಲವತ್ತು ವರ್ಷದಿಂದ ಬಟ್ಟೆ ನೋಡ್ತಿದೀನಿ ಕಣೋ. ಅದು ಒಗ್ದು ಒಗ್ದು ಹೋಗಿರೋ ಲಂಗದ ಬಣ್ಣ.”

ಅವನು ಹೇಳಿದ್ದು ನಿಜ. ನಿಜವಾದ್ದರಿಂದಲೇ ನನಗೆ ರೇಗಿತು. ಮದುವೆಯ ದಿನ ಬಂದು ನೋಡು, ಮುಖ ಕಾಣುವ ಹಾಗೆ ಮಾಡಿ ತರುತ್ತೇನೆ ಎಂದು ಮಾತು ಕೊಟ್ಟೆ. ಅವನು ಬಾಡಿಗೆ ಕಾರಿಗೆ ಹೇಳಲಿಲ್ಲ. ನನ್ನ ಮಾತನ್ನು ನಂಬುವ ಕೆಟ್ಟ ಅಭ್ಯಾಸ ಅವನಿಗೆ ಚಿಕ್ಕಂದಿನಿಂದ ಇತ್ತು.

ಕಡೂರಿನ ಗ್ಯಾರೇಜಿನಲ್ಲಿ ವಿಚಾರಿಸಿದರೆ, ಪೂರ್ತಿ ಪೇಂಟು ಹೊಡೆಯಲು ಪೇಂಟರು ಹೇಳಿದ ಮೊತ್ತ ಕಾರಿನ ಬೆಲೆಗಿಂತ ಹೆಚ್ಚೋ ಕಡಿಮೆಯೋ ಎಂದು ನಾನೂ ಅವನೂ ಸ್ವಲ್ಪ ಹೊತ್ತು ಚರ್ಚೆ ಮಾಡುವಷ್ಟಿತ್ತು. ಕೊನೆಗೆ ಅವನೇ ಕರುಣೆಯಿಂದ, ಇದು ಹಳೆ ಕಾಲದ ಪೇಂಟು ಸಾರ್, ಮೇಲೆ ಗಾಜಿನಂಥ ಪದರ ಇಲ್ಲ, ಮೇಲಿನದು ಸತ್ತಿದೆ, ಒಳಗಿನದು ಬದುಕಿದೆ, ಉಜ್ಜಿದರೆ ಬರುತ್ತದೆ ಎಂದ. ಎಷ್ಟು ಉಜ್ಜಬೇಕು ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಯಾವುದೋ ದೇಶದ ಒಬ್ಬಾತ ನೀಲಿ ಕೈಗವಸು ಹಾಕಿಕೊಂಡು, ನಗುತ್ತ, ಹತ್ತು ನಿಮಿಷದಲ್ಲಿ ಒಂದು ಕಾರಿಗೆ ಯೌವನ ತರಿಸಿದ. ನಾನು ಅಂಗಡಿಯಿಂದ ವಾಟರ್ ಪೇಪರ್ ಎಂಬ ನಯವಾದ ಉಪ್ಪುಕಾಗದ ಎರಡು ಹಾಳೆ, ಒಂದು ಡಬ್ಬ ರಬ್ಬಿಂಗ್ ಕಾಂಪೌಂಡು, ಒಂದು ಸಣ್ಣ ಡಬ್ಬ ವ್ಯಾಕ್ಸ್ ತಂದೆ. ಬಟ್ಟೆಗೆ ಹಳೆಯ ಬನಿಯನ್ನುಗಳು ಇದ್ದೇ ಇದ್ದವು. ಬಕೆಟ್ಟು ಮನೆಯದು. ಶ್ರಮ ಪುಕ್ಕಟೆ ಎಂದು ಲೆಕ್ಕ ಹಿಡಿದಿದ್ದೆ. ಇಡೀ ಯೋಜನೆಯಲ್ಲಿ ತಪ್ಪಿದ್ದು ಅದೊಂದೇ.

ಕೆಲಸದ ಕ್ರಮ ಹೀಗೆ. ಮೊದಲು ಸೋಪುನೀರಲ್ಲಿ ತೊಳೆದು ಒಣಗಿಸಬೇಕು. ಸತ್ತ ಪದರ ದಪ್ಪಗಿರುವ ಕಡೆ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಆಡಿಸಬೇಕು. ಆಮೇಲೆ ನೆರಳಿನಲ್ಲಿ, ಒಂದು ಸಲಕ್ಕೆ ಒಂದು ಮೊಳ ಜಾಗ ಮಾತ್ರ ಹಿಡಿದು, ಕಾಂಪೌಂಡು ಹಚ್ಚಿ, ಪುಡಿ ಏಳುವುದು ನಿಲ್ಲುವವರೆಗೆ ಉಜ್ಜಬೇಕು. ಬಟ್ಟೆ ಕೆಂಪಾಗುತ್ತಿದ್ದರೆ ಸತ್ತ ಬಣ್ಣ ಇನ್ನೂ ಬರುತ್ತಿದೆ ಎಂದು ಅರ್ಥ. ಅದೆಲ್ಲ ಹೋದ ಮೇಲೆ ವ್ಯಾಕ್ಸ್. ಇದರಲ್ಲಿ ಬುದ್ಧಿ ಬೇಕಾಗಿಲ್ಲ, ರಟ್ಟೆ ಬೇಕು. ನನ್ನ ಬಳಿ ಇದ್ದದ್ದು ಇನ್ನೊಂದು.

ಬಾನೆಟ್ಟಿಗೆ ನಾಲ್ಕು ದಿನ ಹಿಡಿಯಿತು. ಆದರೆ ಬಂದ ಬಣ್ಣ ನೋಡಿ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಇಷ್ಟು ವರ್ಷ ಒಳಗೆ ಕುಳಿತಿದ್ದ ಕೆಂಪು ಏನೂ ಆಗಿಲ್ಲವೆಂಬಂತೆ ಎದ್ದು ಬಂದಿತ್ತು. ಬೀದಿಯವರು ನಿಂತು ನೋಡಿದರು. ನಾನು ಅವರಿಗೆ ಉತ್ಕರ್ಷಣದ ಬಗ್ಗೆ ವಿವರಿಸಿದೆ. ಆಮೇಲೆ ಯಾರೂ ನಿಲ್ಲಲಿಲ್ಲ. ಮೇಲ್ಛಾವಣಿಗೆ ಐದು ದಿನ, ಬಲಭಾಗಕ್ಕೆ ಆರು. ಅಷ್ಟರಲ್ಲಿ ಬಲಭುಜ ಮೇಲೆತ್ತಲು ಬರದಂತಾಯಿತು. ಎರಡು ದಿನ ಮುಲಾಮು ಹಚ್ಚಿಸಿಕೊಂಡು ಮಲಗಿದೆ. ಮದುವೆಗೆ ಮೂರು ದಿನ ಉಳಿದಿತ್ತು. ಎಡಭಾಗ ಪೂರ್ತಿ ಉಳಿದಿತ್ತು.

ಆವತ್ತು ತಲೆಗೆ ಕೊಬ್ಬರಿ ಎಣ್ಣೆ ಒತ್ತಿಕೊಂಡು ಅಂಗಳಕ್ಕೆ ಬಂದವನು, ಆಯಾಸಕ್ಕೆ ಎಡಬಾಗಿಲಿಗೆ ಕೈ ಊರಿದೆ. ಕೈ ತೆಗೆದರೆ ಗುಲಾಬಿ ಬಾಗಿಲಿನ ಮೇಲೆ ಐದು ಬೆರಳಿನ ಅಚ್ಚು ಗಾಢ ಕೆಂಪಗೆ ಮೂಡಿತ್ತು. ವಿಜ್ಞಾನದ ದೊಡ್ಡ ದೊಡ್ಡ ಸಂಗತಿಗಳೆಲ್ಲ ಹೀಗೆ ಆಕಸ್ಮಿಕವಾಗಿಯೇ ತಿಳಿದವಂತೆ. ದೊಡ್ಡ ದೊಡ್ಡ ಅನಾಹುತಗಳೂ ಹಾಗೆಯೇ ಶುರುವಾಗುತ್ತವೆ ಎಂಬುದನ್ನು ಪಠ್ಯಪುಸ್ತಕದವರು ಬಿಟ್ಟಿದ್ದಾರೆ. ಒಂದು ಬಟ್ಟಲು ಎಣ್ಣೆ ತಂದು ಎಡಭಾಗಕ್ಕೆಲ್ಲ ಸವರಿದೆ. ಅರ್ಧ ಗಂಟೆಯಲ್ಲಿ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಹೊಳೆಯಿತು.

ನನ್ನ ಹೆಂಡತಿ ಹೊರಗೆ ಬಂದು ನೋಡಿದಳು. ಸೆರಗಿನ ತುದಿಯನ್ನು ಬಾಗಿಲಿಗೆ ಒತ್ತಿ, ತೆಗೆದು, ನನ್ನ ಕಣ್ಣಿನ ಮುಂದೆ ಹಿಡಿದಳು. ಹಳೆಯ ಸೀರೆಯ ತುದಿ ಕುಂಕುಮದಲ್ಲಿ ಅದ್ದಿದಂತಾಗಿತ್ತು.

“ಇದು ಹತ್ತುತ್ತಲ್ರೀ ಬಟ್ಟೆಗೆ.”

ಕಾರಿಗೆ ಯಾರು ಬಟ್ಟೆ ಒತ್ತುತ್ತಾರೆ ಎಂದೆ. ಅವಳು ಸೆರಗು ಕೊಡವಿ ಒಳಗೆ ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಒಳಗೆ ಹೋದಾಗಲೆಲ್ಲ ನಾನು ತಪ್ಪಿದ್ದೇನೆ. ಮೂವತ್ತು ವರ್ಷ ಕಲಿಸಿದವನಿಗೆ ಸಡಿಲವಾದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದರೆ ಆಗುವುದು ಹೊಳಪಲ್ಲ, ಹಸಿ ಬಣ್ಣ ಎಂಬುದು ತಿಳಿಯದೇ ಇರುತ್ತದೆಯೇ? ತಿಳಿದಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದುಬಿಡುತ್ತೇನೆ. ನಾನು ತಿಳಿಯದೆ ಮಾಡಿದವನಲ್ಲ.

ಮದುವೆಯ ದಿನ ಬೆಳಿಗ್ಗೆ ಬೀರೂರು ದಾಟಿ ತರೀಕೆರೆ ಸೇರುವ ಹೊತ್ತಿಗೆ ಎಡಭಾಗಕ್ಕೆ ರಸ್ತೆಯ ಧೂಳೆಲ್ಲ ಅಂಟಿ, ಹೊಲದಿಂದ ಎದ್ದು ಬಂದ ಎಮ್ಮೆಯ ಹಾಗೆ ಕಾಣುತ್ತಿತ್ತು. ಊರ ಹೊರಗೆ ನಿಲ್ಲಿಸಿ ಒರೆಸಿ, ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿದ್ದ ಸೀಸೆಯಿಂದ ಮತ್ತೊಂದು ಕೈ ಎಣ್ಣೆ ಹಚ್ಚಿದೆ. ಮದುವೆ ಮಂಟಪದ ಮುಂದೆ, ಬಲಭಾಗ ಜನರ ಕಡೆಗೆ, ಎಡಭಾಗ ಕಾಂಪೌಂಡು ಗೋಡೆಯ ಕಡೆಗೆ ಬರುವಂತೆ ಬಹಳ ಅಳೆದು ನಿಲ್ಲಿಸಿದೆ. ಗೆಳೆಯ ಹೊಸ ಟೋಪಿ ಹಾಕಿಕೊಂಡು ಹೊರಗೆ ಬಂದವನು ಬಲಬಾಗಿಲನ್ನು ನೋಡಿ, ತನ್ನ ಮುಖವನ್ನು ಅದರಲ್ಲಿ ನೋಡಿಕೊಂಡು, ಮೀಸೆ ಸವರಿಕೊಂಡ. ಜನರಿದ್ದರೂ ನನ್ನ ಭುಜ ಹಿಡಿದು ಅಲುಗಿಸಿದ. ನೋವಿನ ಭುಜ. ನಾನು ನಕ್ಕೆ.

ನಿಕಾಹ್ ಆಯಿತು, ಊಟವಾಯಿತು. ಮದುಮಗ ಆ ಕೆನೆಬಣ್ಣದ ಶೇರ್ವಾನಿಯಲ್ಲಿ ಬಹಳ ಚೆನ್ನಾಗಿ ಕಾಣುತ್ತಿದ್ದ. ಭುಜದಲ್ಲಿ ಒಂದು ಸುಕ್ಕಿಲ್ಲ. ಗಂಡಿನ ಕಡೆಯವರು ಇದು ಯಾವ ಅಂಗಡಿಯದು ಎಂದು ಕೇಳಿದಾಗ ನನ್ನ ಗೆಳೆಯ ತನ್ನ ಬೆರಳುಗಳನ್ನು ತೋರಿಸಿದ. ಎರಡು ಮೂರು ಸಲ ತೋರಿಸುವುದನ್ನು ನಾನು ನೋಡಿದೆ. ಆ ದಿನ ಅವನ ಬಳಿ ತೋರಿಸಲು ಇದ್ದದ್ದು ಅದೇ.

ಮೂರೂವರೆಗೆ ಬೀಳ್ಕೊಡುವ ಹೊತ್ತು. ಹೂವಿನ ಹಾರ ಬಾನೆಟ್ಟಿನ ಮೇಲೆ ಕೂತಿತ್ತು. ಫೋಟೊದವನು ಬಂದು ಬಲಭಾಗವನ್ನು ನೋಡಿ, ಇಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಆ ಕಡೆ ನೆರಳಿದೆ ಎಂದು ಗಂಡುಹೆಣ್ಣನ್ನು ಗೋಡೆಯ ಕಡೆಗೆ ಕರೆದೊಯ್ದ. ನಾನು ಒಂದು ನಿಮಿಷ ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳಲು ಬಾಯಿ ಬರುತ್ತಿತ್ತೋ ಇಲ್ಲವೋ. ಗೋಡೆಗೂ ಕಾರಿಗೂ ಮಧ್ಯೆ ಜಾಗ ಕಡಿಮೆ. ನಾನೇ ಅಳೆದು ಕಡಿಮೆ ಬಿಟ್ಟಿದ್ದೆ. ಫೋಟೊದವನು ಗೋಡೆಗೆ ಬೆನ್ನು ಹಚ್ಚಿ ನಿಂತು, ಮದುಮಗನಿಗೆ ಹಿಂದೆ ಸರಿ, ಇನ್ನೂ ಸರಿ, ಕಾರಿಗೆ ಒರಗಿಕೊ ಎಂದ. ಹುಡುಗ ಎರಡು ಬಾಗಿಲಿಗೂ ಸೇರುವಂತೆ ಆರಾಮಾಗಿ ಒರಗಿದ. ಹುಡುಗಿಯೂ ಪಕ್ಕದಲ್ಲಿ ಒರಗಿದಳು. ಅವಳ ಬಟ್ಟೆ ಕೆಂಪಾಗಿದ್ದುದರಿಂದ ಅದಕ್ಕೆ ಏನಾಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಹುಡುಗ ಈಚೆ ಬಂದು ಹಿರಿಯರಿಗೆ ಸಲಾಂ ಹೇಳಲು ತಿರುಗಿದಾಗ ಅವನ ಬೆನ್ನು ಎಲ್ಲರಿಗೂ ಕಂಡಿತು. ಭುಜದ ಮೂಳೆಯಿಂದ ಸೊಂಟದವರೆಗೆ, ಗೋಡೆಗೆ ಬಳಿದ ಕೆಮ್ಮಣ್ಣಿನ ಹಾಗೆ, ಅಗಲವಾಗಿ ಕೆಂಪು ಹತ್ತಿತ್ತು. ಒಬ್ಬ ಹೆಂಗಸು ರಕ್ತ ಎಂದುಕೊಂಡು ಅಲ್ಲೇ ಕುಳಿತುಬಿಟ್ಟಳು.

ಗಂಡಿನ ದೊಡ್ಡಪ್ಪ ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರದವರು, ಮನೆಗೆ ಹಿರಿಯರು, ಮಾತು ಸ್ವಲ್ಪ ಬಿರುಸು. ಅವರು ಹುಡುಗನ ಬೆನ್ನನ್ನು ನೋಡಿ, ಕಾರನ್ನು ನೋಡಿ, “ಯಾರ್ರೀ ತಂದಿದ್ದು ಈ ಗಾಡಿನ?” ಎಂದರು.

ನನ್ನ ಗೆಳೆಯ ಅಷ್ಟರಲ್ಲಿ ಅಳಿಯನ ಹಿಂದೆ ನಿಂತು ಕಲೆಯನ್ನು ಬೆರಳಿನಿಂದ ಮುಟ್ಟಿದ್ದ. ಬೆರಳನ್ನು ಉಜ್ಜಿ ನೋಡಿದ. ಮೂಗಿನ ಹತ್ತಿರ ಹಿಡಿದ. ಕೊಬ್ಬರಿ ಎಣ್ಣೆಯ ವಾಸನೆ ಹಿಡಿಯಲು ದರ್ಜಿಯೇ ಆಗಬೇಕಾಗಿರಲಿಲ್ಲ. ನನ್ನ ಕಡೆ ಒಂದೇ ಸಲ ನೋಡಿದ. ಆಮೇಲೆ ಬೀಗರ ಕಡೆ ತಿರುಗಿ, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದ.

“ನಂದೇ ತಪ್ಪು ಕಣ್ರೀ. ಹೊಳೀಲಿ ಅಂತ ಬೆಳಿಗ್ಗೆ ನಾನೇ ಎಣ್ಣೆ ಸವರ್ದೆ. ಮೇಷ್ಟ್ರಿಗೆ ಇದು ಗೊತ್ತೇ ಇಲ್ಲ.”

ಈಗ ನಾನು ಮಾತಾಡಬೇಕಾದ ಸಮಯ. ಕಾರಿನ ಕೀಲಿ ಕೈಯಲ್ಲಿತ್ತು. ಅದರಲ್ಲಿ ನೇತಾಡುವ ಸಣ್ಣ ಭೂತಗನ್ನಡಿಯನ್ನು, ಮಕ್ಕಳು ನಿವೃತ್ತಿಯ ದಿನ ಕೊಟ್ಟದ್ದನ್ನು, ನಾನು ತಿರುಗಿಸಿ ತಿರುಗಿಸಿ ನೋಡಿದೆ. ಬಟ್ಟೆಯ ವಿಷಯ ಗೊತ್ತಿರಬೇಕಾದವನೇ ಹೀಗೆ ಮಾಡಿದನಲ್ಲ ಎಂದು ಯಾರೋ ಹಿಂದಿನಿಂದ ಅಂದರು. ಹುಡುಗ ಒಳ್ಳೆಯವನು, ಶೇರ್ವಾನಿ ಬಿಚ್ಚಿ, ಒಳಗಿನ ಬಿಳಿ ಕುರ್ತಾದಲ್ಲೇ ಕಾರು ಹತ್ತಿದ. ಹುಡುಗಿ ಅಳುತ್ತಿದ್ದಳು. ತವರು ಬಿಡುವವರೆಲ್ಲ ಅಳುವುದರಿಂದ, ಅದರಲ್ಲಿ ನನ್ನ ಪಾಲು ಎಷ್ಟೆಂದು ಬೇರೆ ಮಾಡಿ ಹೇಳಲಾರೆ.

ಅಜ್ಜಂಪುರಕ್ಕೆ ದೂರ ಹೆಚ್ಚಿಲ್ಲ. ಆವತ್ತು ಇತ್ತು. ಅಲ್ಲಿ ಇಳಿಸಿದ ಮೇಲೆ ದೊಡ್ಡಪ್ಪ ನನ್ನನ್ನು ಮರ್ಯಾದೆಯಿಂದ ಒಳಗೆ ಕೂರಿಸಿ ಶರಬತ್ತು ಕೊಟ್ಟರು. ಕೋಪ ಇಳಿದಿತ್ತು, ಬೇಸರ ಇತ್ತು.

“ನಿಮ್ ಸ್ನೇಹಿತ್ರು ಹೊಲಿಯೋದ್ರಲ್ಲಿ ಜಾಣ್ರು ಮೇಷ್ಟ್ರೇ. ಬುದ್ಧಿ ಸ್ವಲ್ಪ ಕಮ್ಮಿ ಅನ್ಸುತ್ತೆ, ಅಲ್ವಾ?”

ನಾನು ತಲೆಯಾಡಿಸಿದೆ.

ಸುಮ್ಮನಿದ್ದದ್ದಕ್ಕೆ ಏನಾದರೊಂದು ಸಬೂಬು ಹೇಳಬಹುದು: ಗಲಿಬಿಲಿ, ಜನ, ಹಠಾತ್ತನೆ ಆದದ್ದು. ತಲೆಯಾಡಿಸಿದ್ದಕ್ಕೆ ಯಾವುದೂ ಇಲ್ಲ. ಎದುರಿಗೆ ಒಬ್ಬರೇ ಇದ್ದರು, ಸಮಾಧಾನವಾಗಿ ಕೇಳಿದ್ದರು, ನನ್ನ ಕೈಯಲ್ಲಿ ತಣ್ಣಗಿನ ಲೋಟವಿತ್ತು. ಲೋಟ ಖಾಲಿ ಮಾಡಿಯೇ ಎದ್ದೆ.

ಮಾರನೆಯ ದಿನ ಎಡಭಾಗವನ್ನು ಸೋಪುನೀರಿನಲ್ಲಿ ಮೂರು ಸಲ ತೊಳೆದು ಕೆಲಸ ಶುರುಮಾಡಿದೆ. ಬಲಗೈ ಏಳದಾಗ ಎಡಗೈಯಿಂದ ಉಜ್ಜಿದೆ. ಹೆಂಡತಿ ಕೇಳದೆಯೇ ಎಲ್ಲ ಹೇಳಿದೆ, ತಲೆಯಾಡಿಸಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಒಂದು ಹಳೆಯ ಹತ್ತಿ ಸೀರೆಯನ್ನು ತಂದು, ಹರಿದು, ತುಂಡು ತುಂಡಾಗಿ ಬಾನೆಟ್ಟಿನ ಮೇಲೆ ಇಟ್ಟು ಹೋದಳು. ಬಟ್ಟೆಗೆ ಬಣ್ಣ ಹತ್ತುವುದು ಪೂರ್ತಿ ನಿಲ್ಲುವವರೆಗೆ ಉಜ್ಜಿ ವ್ಯಾಕ್ಸ್ ಹಾಕಿದೆ. ಬೆಳಗಿನಿಂದ ಕತ್ತಲಾಗುವವರೆಗೆ ಬಿಡದೆ ಉಜ್ಜಿದ್ದರಿಂದ ಎಡಭಾಗ ಮುಗಿಯಲು ಹಿಡಿದದ್ದು ಮೂರು ದಿನ. ಮದುವೆಗೆ ಮುಂಚೆ ನನ್ನ ಬಳಿ ಇದ್ದದ್ದೂ ಮೂರೇ ದಿನ.

ಆ ಕಾರಿನಲ್ಲೇ ತರೀಕೆರೆಗೆ ಹೋದೆ. ಅಂಗಡಿಯಲ್ಲಿ ಅವನೊಬ್ಬನೇ ಇದ್ದ.

“ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ” ಎಂದ.

ನನಗೆ ಅಲ್ಲಿಂದಲೇ ಹಿಂತಿರುಗಬೇಕೆನಿಸಿತು. ಕೂತೆ. ಅವತ್ತು ಬೀಗರ ಮನೆಯಲ್ಲಿ ಏನು ನಡೆಯಿತೆಂದು ಹೇಳಲು ಬಾಯಿ ತೆರೆದೆ. ಅವನು ಹೊಲಿಯುವುದನ್ನು ನಿಲ್ಲಿಸಲಿಲ್ಲ. ಗೊತ್ತಿದೆ, ಬೀಗರು ಫೋನು ಮಾಡಿದ್ದರು, ಬುದ್ಧಿ ಕಮ್ಮಿ ಅಂತ ಮೇಷ್ಟ್ರೂ ಒಪ್ಪಿಕೊಂಡರು ಅಂದರು ಎಂದ. ಆಮೇಲೆ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ.

“ನಾನು ಸುಳ್ಳು ಹೇಳಿದ್ದು ನಿಮ್ ಮಾನ ಉಳಿಸೋಕಲ್ಲ. ಮಗಳು ಆ ಮನೆಗೆ ಕಾಲಿಡೋ ದಿನ ಜಗಳ ಬೇಡ ಅಂತ. ಅದು ನನ್ ಸುಳ್ಳು, ನಾನು ಹೊತ್ಕೋತೀನಿ. ಅದಕ್ಕೆ ನೀವ್ಯಾಕೆ ಹೋಗಿ ಸಾಕ್ಷಿ ಹಾಕಿದ್ರಿ?”

ಮೂವತ್ತು ವರ್ಷ ಪ್ರಶ್ನೆ ಕೇಳಿ ಬದುಕಿದವನು ನಾನು. ಉತ್ತರ ಗೊತ್ತಿಲ್ಲದ ಹುಡುಗರು ಬೆಂಚಿನ ಮೇಲೆ ಕಣ್ಣು ನೆಟ್ಟು ನಿಲ್ಲುವುದನ್ನು ಎಷ್ಟು ಸಲ ನೋಡಿದ್ದೇನೆ. ಅಜ್ಜಂಪುರಕ್ಕೆ ಹೋಗಿ ಬರುತ್ತೇನೆ ಎಂದೆ. ಅವನು ಚಕ್ರ ತಿರುಗಿಸಿದ.

ಈರುಳ್ಳಿ ಮಂಡಿಯಲ್ಲಿ ಚೀಲಗಳ ನಡುವೆ ನಿಂತು ಆ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಎಣ್ಣೆ ಹಚ್ಚಿದವನು ನಾನು, ಹತ್ತುತ್ತದೆ ಎಂದು ಗೊತ್ತಿದ್ದೇ ಹಚ್ಚಿದವನು, ನಿಮ್ಮ ಬೀಗರು ನನ್ನನ್ನು ಮರೆಮಾಡಿದರು, ನೀವು ಕೇಳಿದಾಗ ನಾನು ಅವರನ್ನೇ ದಡ್ಡರೆಂದು ಒಪ್ಪಿದೆ. ಹಮಾಲಿಗಳು ಇಬ್ಬರು ಚೀಲ ಹೊತ್ತವರು ಹಾಗೇ ನಿಂತು ಕೇಳಿದರು. ಅವರು ಕೇಳುವುದು ಬೇಡವೆಂದು ನನಗೆ ಅನಿಸಿತು. ಅದಕ್ಕೇ ಧ್ವನಿ ತಗ್ಗಿಸಲಿಲ್ಲ.

ಹಿರಿಯರು ಬಿರುಸಾಗಿ ಏನಾದರೂ ಅನ್ನುವರೆಂದು ಕಾದೆ. ಅವರು ತಕ್ಕಡಿಯ ಮೇಲಿನ ಚೀಲವನ್ನು ಇಳಿಸಲು ಹೇಳಿ, ಕೈ ಒರೆಸಿಕೊಂಡು, “ಅವತ್ತೇ ಹೇಳ್ಬೋದಿತ್ತು ಮೇಷ್ಟ್ರೇ. ನಾನೇನ್ ಹೊಡೀತಿದ್ನಾ?” ಎಂದರು. ಹೊಡೆದಿದ್ದರೆ ಒಳ್ಳೆಯದಿತ್ತು. ನನ್ನ ಎದುರಿಗೇ ಬೀಗರಿಗೆ ಫೋನು ಮಾಡಿ ದಖನಿಯಲ್ಲಿ ನಾಲ್ಕು ಮಾತಾಡಿದರು. ನನಗೆ ಅರ್ಥವಾದದ್ದು ಮಾಫಿ, ಅಂದರೆ ಕ್ಷಮೆ, ಎಂಬ ಮಾತೊಂದೇ, ಅದನ್ನು ಕೇಳಿದವರೂ ನಾನಲ್ಲ, ಅವರು. ಆಮೇಲೆ ಮನೆಯಿಂದ ಶೇರ್ವಾನಿ ತರಿಸಿ, ಪೇಪರಿನಲ್ಲಿ ಸುತ್ತಿ, ಇದಕ್ಕೆ ಏನಾದರೂ ಮಾಡಲು ಆಗುತ್ತದೆಯೇ ನೋಡಿ ಎಂದು ನನ್ನ ಕೈಗೆ ಕೊಟ್ಟರು.

ಶಿವಮೊಗ್ಗದಲ್ಲಿ ಎರಡು ಕಡೆ ಡ್ರೈಕ್ಲೀನಿಂಗಿಗೆ ಕೊಟ್ಟೆ. ಎಣ್ಣೆ ಹೋಯಿತು, ಕೆಂಪು ಹೋಗಲಿಲ್ಲ. ಗೆಳೆಯ ಬೆನ್ನಿನ ತುಂಡನ್ನು ಪೂರ್ತಿ ಬಿಚ್ಚಿದ. ಅದೇ ಬಟ್ಟೆ ಬೇಕೆಂದು ನಾನು ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಅಲೆದೆ. ಆ ಥಾನು ಮುಗಿದಿತ್ತು. ಹತ್ತಿರದ ಬಣ್ಣದ್ದು ತಂದುಕೊಟ್ಟೆ. ಅವನು ಅದನ್ನು ಹಾಕಿ ಹೊಲಿದ. ಬೆನ್ನು ಮುಂಭಾಗಕ್ಕಿಂತ ಸ್ವಲ್ಪ ಹಳದಿಯಾಗಿದೆ.